ಒಂಟಿಯಾಗಿ ಕಾಯಿ ಕಚ್ಚೋ ಕಾಫಿ, ಜೊತೆ ಕೇಳೋ ಕಾಫಿ

ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಕಥೆ ನಮ್ಮ ಕಡೆ ಶಾಲೆ ಮಕ್ಕಳಿಗೂ ಬಾಯಿಪಾಠ. ಹದಿನೇಳನೇ ಶತಮಾನದಲ್ಲಿ ಹಜ್ ಮುಗಿಸಿ ಬರುವಾಗ ಹೊಟ್ಟೆಗೆ ಕಟ್ಟಿಕೊಂಡು ತಂದರು ಅಂತ ಕೆಲವರು, ಗಡ್ಡದಲ್ಲಿ ಅಡಗಿಸಿ ತಂದರು ಅಂತ ಇನ್ನು ಕೆಲವರು. ಐತಿಹ್ಯಕ್ಕೆ ರಸೀದಿ ಕೇಳಬಾರದು, ಅದನ್ನ ಅಲ್ಲಿಗೇ ಬಿಡ್ತೀನಿ. ನನ್ನನ್ನ ಕಾಡಿದ್ದು ಬೇರೆ ಪ್ರಶ್ನೆ. ಒಂದು ಹಿಡಿಗೂ ಕಡಿಮೆ ಬೀಜದಿಂದ ಒಂದು ಬೆಟ್ಟಸಾಲಿಗೇ ಕಾಫಿ ಹಬ್ಬಬೇಕು ಅಂದ್ರೆ ಆ ಗಿಡದ ಹೂವಿಗೆ ಯಾವ ಗುಣ ಇದ್ದಿರಬೇಕು?

ಉತ್ತರ ತೋಟದಲ್ಲೇ ಇದೆ. ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಚ್ಚುತ್ತೆ. ಸುತ್ತ ಹತ್ತು ಮೈಲಿ ಇನ್ನೊಂದು ಕಾಫಿ ಗಿಡ ಇಲ್ಲದಿದ್ರೂ ಅದಕ್ಕೆ ಚಿಂತೆಯಿಲ್ಲ. ರೊಬಸ್ಟಾ ಹಾಗಲ್ಲ. ಒಂದು ರೊಬಸ್ಟಾ ಗಿಡವನ್ನ ಒಂಟಿಯಾಗಿ ನೆಟ್ಟು, ಗೊಬ್ಬರ ಹಾಕಿ, ನೀರು ಹೊಡೆದು ಸಾಕಿ ನೋಡಿ. ಮಲ್ಲಿಗೆ ದಂಡೆ ಮುಡಿದ ಹಾಗೆ ಹೂ ಬಿಡುತ್ತೆ, ಕಾಯಿ ಮಾತ್ರ ನಿಲ್ಲಲ್ಲ. ಅದಕ್ಕೆ ಬೇರೆ ಗಿಡದ ಪರಾಗವೇ ಆಗಬೇಕು.

ಇನ್ನು ಎತ್ತರದ ವಿಷಯ. ನಮ್ಮಲ್ಲಿ ಅರೇಬಿಕಾಕ್ಕೆ ಹೇಳಿದ ಜಾಗ 1,000ದಿಂದ 1,500 ಮೀಟರ್, ಅಂದ್ರೆ ಸುಮಾರು 3,300 ಅಡಿಯಿಂದ ಮೇಲೆ. ರೊಬಸ್ಟಾಕ್ಕೆ 500ರಿಂದ 1,000 ಮೀಟರ್. ಮೂಲದಲ್ಲೂ ಹಾಗೇ. ಅರೇಬಿಕಾ ಇಥಿಯೋಪಿಯಾದ ಎತ್ತರದ ಕಾಡಿನದು, ರೊಬಸ್ಟಾ ಕಾಂಗೋ ಕಡೆಯ ಬಿಸಿ ತಗ್ಗುಕಾಡಿನದು. ಹಾಗಾಗಿ ಒಂದು ವಿವರಣೆ ಯಾರಿಗಾದ್ರೂ ಥಟ್ಟನೆ ಹೊಳೆಯುತ್ತೆ: ಮೇಲೆ ಚಳಿ, ಮಂಜು, ಗಾಳಿ, ಜೇನು ಕಡಿಮೆ, ಅದಕ್ಕೇ ಮೇಲಿನ ಗಿಡ ಯಾರನ್ನೂ ನೆಚ್ಚಿಕೊಳ್ಳದೆ ತಾನೇ ಕಾಯಿ ಕಚ್ಚೋದು ಕಲಿತಿದೆ. ಎಷ್ಟೋ ಜನ ಹೀಗೇ ಹೇಳ್ತಾರೆ, ಕೇಳೋಕೂ ಚೆನ್ನಾಗಿದೆ. ಆದರೆ ಈ ವಿವರಣೆ ಅರ್ಧ ಮಾತ್ರ ನಿಲ್ಲುತ್ತೆ. ಉಳಿದರ್ಧ ಯಾಕೆ ಬಿದ್ದುಹೋಗುತ್ತೆ ಅನ್ನೋದು ಈಗ ಬೆಟ್ಟದ ಮೇಲೆ ರೊಬಸ್ಟಾ ಹಾಕೋಕೆ ಹೊರಟವರಿಗೆ ಗೊತ್ತಿರಬೇಕಾದ ವಿಷಯ ಅಂತ ಇಷ್ಟುದ್ದ ಬರೀತಾ ಇದೀನಿ.

ಮೊದಲು ಹೂವನ್ನೇ ನೋಡೋಣ. ಅರೇಬಿಕಾ ಹೂವಿಗೆ ಸಾಮಾನ್ಯವಾಗಿ ಐದು ಎಸಳು. ಹೂ ಅರಳೋ ಹೊತ್ತಿಗೇ ಕೇಸರ ಒಡೆದು ಪರಾಗ ಉದುರೋಕೆ ಶುರುವಾಗುತ್ತೆ. ಮೋಡ ಕವಿದು ಜಿಟಿಜಿಟಿ ಹಿಡಿದು ಹೂ ಪೂರ್ತಿ ಬಿಚ್ಚದಿದ್ರೂ ಒಳಗೊಳಗೇ ಪರಾಗ ತಾಗಿ ಕೆಲಸ ಮುಗಿಯೋದುಂಟು. ರೊಬಸ್ಟಾದಲ್ಲಿ ಎಸಳು ಐದು, ಆರು, ಕೆಲವೊಮ್ಮೆ ಏಳು; ಒಂದೊಂದು ಗಿಣ್ಣಲ್ಲೂ ಹೂವಿನ ರಾಶಿ; ಹೆಣ್ಣು ಭಾಗದ ಕಡ್ಡಿ, ಅಂದ್ರೆ ಶಲಾಕೆ, ಹೂವಿನಿಂದ ಹೊರಗೆ ಉದ್ದಕ್ಕೆ ಚಾಚಿ ನಿಂತಿರುತ್ತೆ. ಪರಾಗ ಹಗುರ, ಗಾಳಿಯಲ್ಲೂ ತೇಲುತ್ತೆ. ಹೂವಿನ ಆಕಾರ ನೋಡಿದ್ರೇ ಯಾವುದು ಮನೆಯೊಳಗೆ ಮುಗಿಸಿಕೊಳ್ಳೋದು, ಯಾವುದು ಬಾಗಿಲಲ್ಲಿ ನಿಂತು ದಾರಿ ಕಾಯೋದು ಅಂತ ತಿಳಿಯುತ್ತೆ.

ಅರೇಬಿಕಾದ ಈ ಗುಣ ಇಲ್ಲದಿದ್ರೆ ಪ್ರಪಂಚದ ಕಾಫಿ ಚರಿತ್ರೆಯೇ ಬೇರೆ ಆಗ್ತಿತ್ತು. ನಮ್ಮ ಏಳು ಬೀಜ ರೊಬಸ್ಟಾದ್ದೇ ಆಗಿದ್ರೂ, ಏಳೂ ಹುಟ್ಟಿ ಬದುಕಿದ್ರೆ, ಒಂದಕ್ಕೊಂದು ಪರಾಗ ಕೊಟ್ಟುಕೊಂಡು ಹೇಗೋ ಸಂಸಾರ ಸಾಗ್ತಿತ್ತೋ ಏನೋ. ಮುಂದಿನ ಕಥೆ ಮಾತ್ರ ಖಂಡಿತ ಸಾಗ್ತಿರಲಿಲ್ಲ. 1696ರಲ್ಲಿ, ಮತ್ತೆ 1699ರಲ್ಲಿ, ಡಚ್ಚರು ಮಲಬಾರ್ ಕರಾವಳಿಯಿಂದ ಜಾವಾಕ್ಕೆ ಕಾಫಿ ಒಯ್ದರು. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಹೋಯ್ತು. ಚಳಿದೇಶ, ಗಾಜಿನ ಮನೆ, ಒಳಗೆ ಜೇನು ಎಲ್ಲಿಂದ ಬರಬೇಕು? ಆದ್ರೂ ಗಿಡ ಕಾಯಿ ಬಿಡ್ತು, ಬೀಜ ಹುಟ್ಟಿತು. 1714ರಲ್ಲಿ ಅಲ್ಲಿಂದ ಒಂದೇ ಒಂದು ಗಿಡ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಗೆ ಉಡುಗೊರೆಯಾಗಿ ಹೋಯ್ತು. ಆ ಕಾಲದ ಫ್ರೆಂಚ್ ಸಸ್ಯಶಾಸ್ತ್ರಿ ಆಂಟ್ವಾನ್ ದ ಜುಸ್ಸಿಯು ಇದನ್ನ ಮಲ್ಲಿಗೆ ಜಾತಿಗೇ ಸೇರಿಸಿದ್ದ. ಅವನನ್ನ ದೂರೋ ಹಾಗಿಲ್ಲ. ಹೂಮಳೆ ಬಿದ್ದು ಒಂಬತ್ತನೇ ದಿನ ಬೆಳಿಗ್ಗೆ ನಮ್ಮ ತೋಟಕ್ಕೆ ಬಂದ ಯಾರಾದ್ರೂ ಹಾಗೇ ಅನ್ಕೋತಾರೆ. 1723ರ ಸುಮಾರಿಗೆ ದ ಕ್ಲಿಯು ಅನ್ನೋ ಅಧಿಕಾರಿ ಪ್ಯಾರಿಸಿನಿಂದ ಮಾರ್ಟಿನಿಕ್ ದ್ವೀಪಕ್ಕೆ ಗಿಡ ಒಯ್ದ. ಹಡಗಲ್ಲಿ ನೀರಿಗೆ ತತ್ವಾರ ಬಂದಾಗ ತನ್ನ ಪಾಲಿನ ಕುಡಿಯೋ ನೀರನ್ನ ಅದಕ್ಕೆ ಹಂಚಿದೆ ಅಂತ ಅವನೇ ಬರೆದುಕೊಂಡಿದ್ದಾನೆ. ಅಮೆರಿಕಾ ಖಂಡದ ಕಾಫಿಯಲ್ಲಿ ದೊಡ್ಡ ಪಾಲಿಗೆ ಮೂಲ ಇಂಥ ಬೆರಳೆಣಿಕೆಯ ಗಿಡಗಳು. ಅವನ ಕೈಲಿದ್ದದ್ದು ರೊಬಸ್ಟಾ ಆಗಿದ್ರೆ ಮಾರ್ಟಿನಿಕ್‌ನಲ್ಲಿ ಪರಿಮಳ ಹರಡ್ತಿತ್ತು, ಅಷ್ಟೆ.

ಎತ್ತರಕ್ಕೂ ಹೂವಿನ ಸ್ವಭಾವಕ್ಕೂ ಏನು ಸಂಬಂಧ ಅಂತ ಕೂತು ಲೆಕ್ಕ ಹಾಕಿದವರು ಬಂದದ್ದು ಆಮೇಲೆ. 1876ರಲ್ಲಿ ಡಾರ್ವಿನ್ ಸ್ವಪರಾಗ, ಪರಪರಾಗದ ಪರಿಣಾಮಗಳ ಮೇಲೆ ಒಂದು ದಪ್ಪ ಪುಸ್ತಕ ತಂದ. ಅವನ ಜೊತೆ ಪತ್ರವ್ಯವಹಾರ ಇಟ್ಟುಕೊಂಡಿದ್ದ ಜರ್ಮನಿಯ ಶಾಲಾ ಮೇಷ್ಟ್ರು ಹರ್ಮನ್ ಮ್ಯೂಲರ್ ಆಲ್ಪ್ಸ್ ಬೆಟ್ಟ ಹತ್ತಿ, ಯಾವ ಹೂವಿಗೆ ಯಾವ ಹುಳ ಬರುತ್ತೆ ಅಂತ ಕೂತು ಬರೆದುಕೊಂಡು 1881ರಲ್ಲಿ ಆಲ್ಪ್ಸ್ ಹೂವುಗಳ ಪುಸ್ತಕ ಹೊರಡಿಸಿದ. ಮೇಲೆ ಹೋದ ಹಾಗೆ ಜೇನು ಜಾತಿಯವು ಹಿಂದೆ ಬಿದ್ದು ಚಿಟ್ಟೆ, ನೊಣಗಳ ಪಾಲು ಜಾಸ್ತಿಯಾಗೋದನ್ನ ಅಂಥ ಕೆಲಸದಿಂದಲೇ ಜನ ಗಮನಿಸಿದ್ದು. ಅಲ್ಲಿಂದ ಮುಂದಿನ ತೀರ್ಮಾನ ಸಹಜವಾಗಿ ಬಂತು: ಹುಳ ಕಡಿಮೆ ಇರೋ ಕಡೆ ಹೂಗಳು ಸ್ವಂತ ಪರಾಗಕ್ಕೇ ಒಗ್ಗಿಕೊಂಡಿರಬೇಕು. ಸುಮಾರು ನೂರು ವರ್ಷ ಇದು ಒಪ್ಪಿತ ಮಾತಿನ ಹಾಗೇ ಓಡಾಡ್ತಿತ್ತು.

1980ರ ದಶಕದಲ್ಲಿ ಚಿಲಿ ದೇಶದ ಆಂಡಿಸ್ ಬೆಟ್ಟದಲ್ಲಿ ಮೇರಿ ಕಾಲಿನ್ ಅರೋಯೋ ಮತ್ತು ಸಂಗಡಿಗರು ಕೆಳಗಿಂದ ಮೇಲಿನವರೆಗೆ ಬೇರೆ ಬೇರೆ ಎತ್ತರದಲ್ಲಿ ಹೂವಿಗೆ ಬರೋ ಹುಳಗಳನ್ನ ಎಣಿಸಿದರು. ಮೇಲೆ ಹೋದಂತೆ ಹುಳ ಕಡಿಮೆ ಅನ್ನೋದು ನಿಜವಾಯ್ತು. ಆದರೆ ಸ್ವಪರಾಗದ ಗಿಡಗಳು ಅದೇ ಅಳತೆಯಲ್ಲಿ ಹೆಚ್ಚಾಗಿರಲಿಲ್ಲ. ಅಷ್ಟು ಮೇಲೂ ಜೊತೆ ಬೇಕು ಅನ್ನೋ ಗಿಡಗಳು ಧಾರಾಳವಾಗಿದ್ದವು. ಹಾಗಾದ್ರೆ ಅವು ಬದುಕೋದು ಹೇಗೆ? ಕಾದು. ಎತ್ತರದ ಹೂಗಳು ಹೆಚ್ಚು ದಿನ ಬಾಡದೆ ನಿಲ್ಲುತ್ತವೆ. 1998ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಗಂಟೆಯಾಕಾರದ ಒಂದು ನೀಲಿ ಕಾಡುಹೂವಿನ ಮೇಲೆ ನಡೆದ ಅಧ್ಯಯನವೂ ಇದನ್ನೇ ಹೇಳಿತು: ಮೇಲಿನ ಹೂವಿಗೆ ದುಂಬಿ ಬರೋದು ಅಪರೂಪ, ಆದರೆ ಪರಾಗ ಹಿಡಿಯೋ ತುದಿ ಹೆಚ್ಚು ಹೊತ್ತು ತೆರೆದೇ ಇರೋದರಿಂದ ಕೊನೆಗೆ ಸಿಗೋ ಪರಾಗಕ್ಕೆ ಕೊರತೆಯಿಲ್ಲ. ಅಂದ್ರೆ ಎತ್ತರದ ಚಳಿಗೆ ಗಿಡಗಳ ಹತ್ತಿರ ಇರೋದು ಒಂದೇ ಉಪಾಯ ಅಲ್ಲ.

ಕಾಫಿಯಲ್ಲಿ ಈ ಕಾಯೋ ಉಪಾಯ ನಡೆಯಲ್ಲ. ಎರಡು ಮೂರು ದಿನಕ್ಕೆ ಹೂ ಕಂದಿಹೋಗುತ್ತೆ. ಹಾಗಿದ್ರೆ ಅರೇಬಿಕಾಕ್ಕೆ ಸ್ವಪರಾಗ ಕಲಿಸಿದ್ದು ಬೆಟ್ಟವೇ ಅಲ್ವಾ? ಇಲ್ಲಿ ಅದರ ನೆಂಟರನ್ನ ನೋಡಬೇಕು. ಅರೇಬಿಕಾ ಒಂದು ಬೆರಕೆ. ಲಕ್ಷಾಂತರ ವರ್ಷದ ಹಿಂದೆ ಆಫ್ರಿಕಾದಲ್ಲಿ ರೊಬಸ್ಟಾ ಜಾತಿಯೂ ಯೂಜಿನಿಯಾಯ್ಡಿಸ್ ಅನ್ನೋ ಇನ್ನೊಂದು ಕಾಡುಕಾಫಿಯೂ ಕೂಡಿ ಹುಟ್ಟಿದ್ದು. ಅದಕ್ಕೇ ಇವೆರಡಕ್ಕೂ 22 ವರ್ಣತಂತು, ಅರೇಬಿಕಾಕ್ಕೆ ಎರಡೂ ಸೇರಿ 44. ಈಗ ಗಮನಿಸಿ: ಯೂಜಿನಿಯಾಯ್ಡಿಸ್ ಪೂರ್ವ ಆಫ್ರಿಕಾದ ಎತ್ತರದ ಕಾಡಿನ ಗಿಡ, ಆದರೆ ಅದಕ್ಕೆ ಸ್ವಂತ ಪರಾಗ ಆಗಲ್ಲ, ರೊಬಸ್ಟಾದಷ್ಟೇ ಮಡಿ. ಇನ್ನೊಂದು ಕಡೆ ಕ್ಯಾಮರೂನ್, ಕಾಂಗೋ ಕಡೆಯ ತಗ್ಗುಕಾಡಿನಲ್ಲಿ ಆಂಥೋನಿಐ ಅನ್ನೋ ಕಾಫಿ ಇದೆ. ಅದು ಇರೋದು ಕೆಳಗೆ, ಆದ್ರೂ ಒಂಟಿಯಾಗಿ ಕಾಯಿ ಕಚ್ಚುತ್ತೆ. ಮೇಲಿನದು ಜೊತೆ ಕೇಳುತ್ತೆ, ಕೆಳಗಿನದು ಒಂಟಿಯಾಗಿ ನಡೆಸುತ್ತೆ. ಬೆಟ್ಟದ ವಿವರಣೆ ಮುರಿದುಬೀಳೋದು ಇಲ್ಲೇ.

ಹಾಗಾದ್ರೆ ಅರೇಬಿಕಾಕ್ಕೆ ಈ ಗುಣ ಎಲ್ಲಿಂದ ಬಂತು? ನಮ್ಮ ಗೋತ್ರದ ಲೆಕ್ಕದಲ್ಲಿ ಹೇಳಿದ್ರೆ ಬೇಗ ಅರ್ಥ ಆಗುತ್ತೆ. ರೊಬಸ್ಟಾ ಗಿಡಕ್ಕೆ ಎರಡು ಗೋತ್ರ, ಅದರ ಒಂದೊಂದು ಪರಾಗ ಕಣಕ್ಕೆ ಅದರಲ್ಲಿ ಒಂದು. ಪರಾಗ ಹೂವಿನ ಮೇಲೆ ಕೂತು ಕೆಳಕ್ಕೆ ನಳಿಕೆ ಇಳಿಸುವಾಗ ಶಲಾಕೆ ಗೋತ್ರ ವಿಚಾರಿಸುತ್ತೆ. ಗಿಡದ ಎರಡು ಗೋತ್ರದಲ್ಲಿ ಯಾವುದಕ್ಕೆ ಹೊಂದಿದ್ರೂ ಸಗೋತ್ರ ಅಂತ ಅಲ್ಲೇ ತಡೆ. ಅರೇಬಿಕಾದಲ್ಲಿ ವರ್ಣತಂತು ದುಪ್ಪಟ್ಟಾಗಿರೋದರಿಂದ ಒಂದೊಂದು ಪರಾಗ ಕಣಕ್ಕೂ ಎರಡೆರಡು ಗೋತ್ರ. ಹೀಗಾದಾಗ ಈ ವಿಚಾರಣೆಯೇ ಕೆಟ್ಟುಹೋಗೋದನ್ನ ಬೇರೆ ಎಷ್ಟೋ ಗಿಡಗಳಲ್ಲೂ ಕಂಡಿದ್ದಾರೆ. ಹಾಗಾಗಿ ಇದು ಚಳಿಗೆ ಹೆದರಿ ಕಲಿತ ವಿದ್ಯೆ ಅನ್ನೋದಕ್ಕಿಂತ ಬೆರಕೆಯಿಂದ ಬಂದ ಬಳುವಳಿ ಅನ್ನೋದು ನನಗೆ ಹೆಚ್ಚು ಸರಿ ಕಾಣುತ್ತೆ. ಮಂಜಿನ ಬೆಟ್ಟದಲ್ಲಿ ಅದು ಉಪಯೋಗಕ್ಕೆ ಬಂದಿರಬಹುದು, ಇಲ್ಲ ಅನ್ನಲ್ಲ. ಅದಕ್ಕೇ ಮೊದಲೇ ಅರ್ಧ ಸರಿ ಅಂದಿದ್ದು. 1955ರಲ್ಲಿ ಹರ್ಬರ್ಟ್ ಬೇಕರ್ ಅನ್ನೋ ಸಸ್ಯವಿಜ್ಞಾನಿ ಇನ್ನೊಂದು ಮಾತು ಹೇಳಿದ್ದ: ದೂರದ ಊರಿಗೆ ಒಂಟಿಯಾಗಿ ಹೋಗಿ ಬೇರೂರೋ ಗಿಡಗಳಲ್ಲಿ ಸ್ವಪರಾಗದವೇ ಜಾಸ್ತಿ, ಯಾಕಂದ್ರೆ ಅವಕ್ಕೆ ಅಲ್ಲಿ ಜೊತೆ ಹುಡುಕೋ ಪಾಡಿಲ್ಲ. ಗಾಳಿಯಲ್ಲೋ ಹಕ್ಕಿ ಹೊಟ್ಟೆಯಲ್ಲೋ ದ್ವೀಪ ಸೇರೋ ಬೀಜ ಅವನ ಮನಸ್ಸಲ್ಲಿತ್ತು. ಮಾರ್ಟಿನಿಕ್ ಗಿಡಕ್ಕೂ ಮಾತು ಅಷ್ಟೇ ಚೆನ್ನಾಗಿ ಹೊಂದುತ್ತೆ.

ಅರೇಬಿಕಾ ಎಷ್ಟರ ಮಟ್ಟಿಗೆ ಒಂಟಿ ಅನ್ನೋದನ್ನ ಅಳೆದ ರೀತಿ ನನಗೆ ಬಹಳ ಇಷ್ಟ. ಬ್ರೆಜಿಲ್ಲಿನ ಕಂಪಿನಾಸ್ ಸಂಶೋಧನಾ ಸಂಸ್ಥೆಯಲ್ಲಿ ಸೆರಾ ಅಂತ ಒಂದು ವಿಚಿತ್ರ ಅರೇಬಿಕಾ ಇತ್ತು. ಸಾಮಾನ್ಯ ಕಾಫಿ ಬೀಜ ಒಳಗೆ ಹಸಿರು, ಸೆರಾದ್ದು ಮೇಣದ ಹಾಗೆ ಹಳದಿ. ಆದರೆ ಹೊರಗಿನ ಸಾಮಾನ್ಯ ಗಿಡದ ಪರಾಗ ತಾಗಿದ್ರೆ ಅದೇ ಸೆರಾ ಗಿಡದ ಕಾಯಿಯಲ್ಲೂ ಬೀಜ ಹಸಿರಾಗೇ ಬರುತ್ತೆ. ಸೆರಾ ಗಿಡವನ್ನ ಸಾಮಾನ್ಯ ಗಿಡಗಳ ಮಧ್ಯೆ ನೆಟ್ಟು, ಕುಯ್ಲು ಮಾಡಿ, ಬೀಜ ಹಳದಿ ಎಷ್ಟು, ಹಸಿರು ಎಷ್ಟು ಅಂತ ಎಣಿಸಿದ್ರೆ ಮುಗೀತು. 1940ರ ದಶಕದಲ್ಲಿ ಕಾರ್ವಾಲೋ ಮತ್ತು ಕ್ರುಗ್ ಹೀಗೆ ಎಣಿಸಿದಾಗ ಹೊರಗಿನ ಪರಾಗದ ಪಾಲು ನೂರಕ್ಕೆ 7ರಿಂದ 9ರ ಆಸುಪಾಸು. ಉಳಿದ ತೊಂಬತ್ತಕ್ಕೂ ಹೆಚ್ಚು ಭಾಗ ಸ್ವಂತದ್ದು. ದೊಡ್ಡ ಯಂತ್ರ ಇಲ್ಲ, ಏನಿಲ್ಲ. ಕಣದಲ್ಲಿ ಕೂತು ಬೀಜ ಆರಿಸೋರು ಮಾಡಬಹುದಾದ ಲೆಕ್ಕ.

ಈ ಒಂಟಿತನಕ್ಕೆ ತೆತ್ತ ಬೆಲೆಯೂ ಚರಿತ್ರೆಯಲ್ಲಿದೆ. ಕೆಲವೇ ಗಿಡಗಳ ಸಂತಾನ, ತಲೆತಲಾಂತರದಿಂದ ತನ್ನೊಳಗೇ ತಾನು. ಎಲ್ಲಾ ತೋಟವೂ ಒಂದೇ ಅಚ್ಚು. 1869ರಲ್ಲಿ ಸಿಲೋನಿನಲ್ಲಿ ಎಲೆ ತುಕ್ಕು ಕಾಣಿಸಿಕೊಂಡಿತು. ಅಡ್ಡ ಬರೋಕೆ ಒಂದು ಗಿಡವೂ ಬೇರೆ ಥರ ಇರಲಿಲ್ಲ. ಇಪ್ಪತ್ತು ವರ್ಷದೊಳಗೆ ಅಲ್ಲಿನ ಕಾಫಿ ಹೋಗಿ ಟೀ ಬಂತು. ರೋಗ ಮರುವರ್ಷದ ಹೊತ್ತಿಗೇ ನಮ್ಮ ಕಡೆಗೂ ಬಂದಿತ್ತು. ಚಿಕ್ಕಮಗಳೂರಿನ ಹೆಸರಲ್ಲೇ 'ಚಿಕ್' ಅಂತ ಕರೀತಿದ್ದ ನಮ್ಮ ಹಳೇ ತಳಿ ಬೋರರ್‌ಗೂ ತುಕ್ಕಿಗೂ ಸಿಕ್ಕಿ ಮೂಲೆ ಸೇರಿತು.

1911ರಲ್ಲಿ ದೊಡ್ಡೆಂಗುಡ್ಡ ಎಸ್ಟೇಟಿನಲ್ಲಿ ಕೆಂಟ್ ಅನ್ನೋ ಇಂಗ್ಲಿಷ್ ಪ್ಲಾಂಟರ್ ತುಕ್ಕು ಹಿಡಿಯದ ಗಿಡ ಆರಿಸಿ ಬೀಜ ಮಾಡಿದ. ಸ್ವಪರಾಗದ ಉಪಕಾರ ನೋಡಿ, ತಾಯಿಯ ಗುಣ ಬೀಜದಲ್ಲಿ ಹಾಗೇ ಬಂತು, ತೋಟ ತೋಟಕ್ಕೆ ಕೆಂಟ್ಸ್ ಹರಡಿತು. ಅಪಕಾರವೂ ಅದರಲ್ಲೇ. ಎಲ್ಲವೂ ಒಂದೇ ಥರ ಆಗಿದ್ದಕ್ಕೆ ಅದನ್ನ ಮುರಿಯೋ ತುಕ್ಕು ಬಂದಾಗ ಎಲ್ಲವೂ ಒಟ್ಟಿಗೆ ಸೋತವು. ತುಕ್ಕಿನಲ್ಲೇ ಬೇರೆ ಬೇರೆ ಬುಡಕಟ್ಟು ಇದಾವೆ ಅಂತ 1932ರಲ್ಲಿ ತೋರಿಸಿಕೊಟ್ಟಿದ್ದು ನಮ್ಮ ಬಾಳೆಹೊನ್ನೂರಿನ ಕೇಂದ್ರದಲ್ಲಿದ್ದ ವಿಲ್ಸನ್ ಮೇನ್. 1925ರಲ್ಲಿ ಶುರುವಾದ ಕೇಂದ್ರ ಅದು, ಏಳು ವರ್ಷದಲ್ಲಿ ಇಂಥ ಕೆಲಸ.

ಆಮೇಲೆ ಅರೇಬಿಕಾವನ್ನ ಉಳಿಸಿದ್ದು ಯಾರು? ತಗ್ಗಿನ ನೆಂಟರು. 1940ರ ದಶಕದಲ್ಲಿ ಬಾಳೆಹೊನ್ನೂರಿನಿಂದ ಬಂದ ಎಸ್.795, ಇವತ್ತಿಗೂ ನಮ್ಮ ಅರೇಬಿಕಾ ತೋಟಗಳ ಬೆನ್ನೆಲುಬು. ಅದರ ಒಂದು ಕಡೆ ಕೆಂಟ್ಸ್, ಇನ್ನೊಂದು ಕಡೆ ಎಸ್.288, ಎಸ್.288ರ ಹಿಂದೆ ಇರೋದು ಪಶ್ಚಿಮ ಆಫ್ರಿಕಾದ ತಗ್ಗುನಾಡಿನ ಲೈಬೀರಿಕಾ ಜೊತೆ ತಾನಾಗೇ ಆದ ಒಂದು ಬೆರಕೆ. ತುಕ್ಕು ತಡೆಯೋ ಶಕ್ತಿ ಬಂದಿದ್ದು ಆ ಕಡೆಯಿಂದ. ಟಿಮೋರ್ ದ್ವೀಪದಲ್ಲಿ 1920ರ ದಶಕದಲ್ಲಿ ಅರೇಬಿಕಾ ತೋಟದೊಳಗೆ ಸಿಕ್ಕ ಗಿಡಕ್ಕೂ ರೊಬಸ್ಟಾ ರಕ್ತ. ನಮ್ಮ ಕಾವೇರಿ, ಚಂದ್ರಗಿರಿ ತಳಿಗಳೆಲ್ಲ ಅದರ ಮೊಮ್ಮಕ್ಕಳು. ನೂರಕ್ಕೆ ಏಳೋ ಎಂಟೋ ಹೂವು ಬಾಗಿಲು ತೆರೆದಿಟ್ಟಿದ್ದರಿಂದ ಉಳಿದ ತೊಂಬತ್ತು ಬದುಕಿಕೊಂಡವು ಅಂತ ಕೆಲವೊಮ್ಮೆ ಅನ್ನಿಸುತ್ತೆ.

ಈಗ ನಮ್ಮ ಕಾಲಕ್ಕೆ ಬರ್ತೀನಿ. ಬೋರರ್ ಕಾಟ, ಕೂಲಿ ಖರ್ಚು, ಬಿಸಿಲು, ಇದೆಲ್ಲದರ ಮೇಲೆ 2024ರಲ್ಲಿ ರೊಬಸ್ಟಾ ದರ ದಾಖಲೆ ಮುಟ್ಟಿದ್ದು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಆಗಲೇ ರೊಬಸ್ಟಾ. 3,300 ಅಡಿ ದಾಟಿದ ಜಾಗದಲ್ಲೂ ಅರೇಬಿಕಾ ಕಿತ್ತು ರೊಬಸ್ಟಾ ಹಾಕ್ತಿದ್ದಾರೆ. ಹಾಕಲಿ, ಅವರವರ ಲೆಕ್ಕಾಚಾರ ಅವರವರಿಗೆ. ಆದರೆ ಗಿಡ ಬದಲಾಯಿಸಿದಾಗ ಹೂವಿನ ಕಟ್ಟಳೆಯೂ ಬದಲಾಗುತ್ತೆ ಅನ್ನೋದು ನರ್ಸರಿ ಮಾತುಕತೆಯಲ್ಲಿ ಬರಲ್ಲ. ಅರೇಬಿಕಾ ಹೂವಿನ ದಿನ ಮೋಡ ಮುಚ್ಚಿದ್ರೂ ಪಾಡಿಲ್ಲ ಅಂತಿದ್ದ ಅದೇ ಇಳಿಜಾರಿನಲ್ಲಿ, ರೊಬಸ್ಟಾ ಹೂ ಬಿಟ್ಟ ಬೆಳಿಗ್ಗೆ ಮಂಜು ಹತ್ತು ಗಂಟೆಯವರೆಗೆ ಕೂತ್ರೆ ಜೇನು ಏಳಲ್ಲ, ಒದ್ದೆಯಾದ ಪರಾಗ ಗಾಳಿಗೂ ಹಾರಲ್ಲ. ಅವತ್ತೇ ಮಳೆ ಬಿದ್ರಂತೂ ಹೇಳೋದೇ ಬೇಡ.

ಅದಕ್ಕಿಂತ ದೊಡ್ಡ ಅಪಾಯ ಕಸಿಯಲ್ಲಿದೆ. ಒಂದು ಗಿಡ ಭಾರಿ ಫಸಲು ಕೊಟ್ಟಿತು ಅಂತ ಅದರ ಚಿಗುರು ತಂದು ಎರಡು ಎಕರೆಗೆ ಅದನ್ನೇ ಕಸಿ ಕಟ್ಟೋದು ಈಗ ಜೋರಾಗಿದೆ. ಅರೇಬಿಕಾದಲ್ಲಾದ್ರೆ ನಡೆಯುತ್ತೆ. ರೊಬಸ್ಟಾದಲ್ಲಿ ಎರಡು ಎಕರೆಯೂ ಸೇರಿ ಒಂದೇ ಗಿಡ ಇದ್ದ ಹಾಗೆ, ಎಲ್ಲಾ ಸಗೋತ್ರ. ಅಂಚಿನ ಸಾಲಿಗೆ ಪಕ್ಕದ ತೋಟದ ಪರಾಗ ಬಂದು ಕಾಯಿ ಕಟ್ಟುತ್ತೆ, ನಡುವಿನದ್ದು ಹೂವಿನ ದಿನ ಫೋಟೋಕ್ಕೆ ಮಾತ್ರ ಚೆಂದ. ಪರಾಗ ಸಾಲದೆ ಒಂದೇ ಬೀಜ ಕಟ್ಟಿದ ಕಡೆ ಪೀಬೆರಿ ಜಾಸ್ತಿ. ಬೀಜದಿಂದ ಎದ್ದ ಎಸ್.274 ತೋಟಗಳಲ್ಲಿ ಈ ತೊಂದರೆ ಕಾಣದೆ ಇರೋದು ಯಾಕಂದ್ರೆ ಅಲ್ಲಿ ಒಂದೊಂದು ಗಿಡವೂ ಬೇರೆ. ಅಜ್ಜಂದಿರ ಕಾಲದ ಏರುಪೇರಾದ ರೊಬಸ್ಟಾ ತೋಟವನ್ನ ನೋಡಿ ನಗೋರಿಗೆ ಆ ಏರುಪೇರೇ ಕಾಯಿ ಕಟ್ಟಿಸಿದ್ದು ಅಂತ ಗೊತ್ತಿರಲ್ಲ.

ಜೇನಿನ ಮಾತು ಬಂದಾಗ 1991ರ ನಂತರದ ವರ್ಷಗಳನ್ನ ಮರೆಯೋ ಹಾಗಿಲ್ಲ. ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಕೊಡಗಿನ ರೊಬಸ್ಟಾ ತೋಟಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖ್ಯ ಕೆಲಸಗಾರ ಹೆಜ್ಜೇನು ಅಂತ ಕಂಡಿತು. ಮರದ ಮೇಲೆ ತಟ್ಟಿ ಕಟ್ಟೋ ಈ ಜೇನನ್ನ ಪೆಟ್ಟಿಗೆಯಲ್ಲಿ ಸಾಕೋಕೆ ಬರಲ್ಲ. ದೊಡ್ಡ ಮರ ಇದ್ರೆ ಬರುತ್ತೆ, ಕಡಿದ್ರೆ ಇಲ್ಲ. ಅರೇಬಿಕಾದವರು ನಮಗೇನು ಅಂತ ಕೂರೋ ಹಾಗೂ ಇಲ್ಲ. ಇಂಡೋನೇಷ್ಯಾದ ಸುಲವೇಸಿಯಲ್ಲಿ ಎತ್ತರದ ಅರೇಬಿಕಾ ತೋಟಗಳನ್ನ ನೋಡಿದ 2003ರ ಅಧ್ಯಯನದಲ್ಲಿ, ಮೂರು ಜಾತಿ ಜೇನು ಬರೋ ಕಡೆ ನೂರಕ್ಕೆ 60 ಹೂವು ಕಾಯಾದ್ರೆ ಇಪ್ಪತ್ತು ಜಾತಿ ಬರೋ ಕಡೆ 90ರವರೆಗೆ ಹೋಗಿತ್ತು. ಒಂಟಿಯಾಗಿ ಬದುಕಬಲ್ಲ ಗಿಡಕ್ಕೂ ನೆಂಟರು ಬಂದ್ರೆ ಖುಷಿಯೇ.

ಕಸಿ ಕಟ್ಟೋರು ಕನಿಷ್ಠ ಮೂರ್ನಾಲ್ಕು ತಾಯಿಗಿಡದಿಂದ ಚಿಗುರು ತೆಗೀರಿ, ಒಂದೇ ಹೊತ್ತಿಗೆ ಹೂ ಬಿಡೋ ತಾಯಿಗಳನ್ನೇ ನೋಡಿಕೊಳ್ಳಿ, ಸಾಲು ಸಾಲಾಗಿ ಬೆರೆಸಿ ನೆಡಿ. ನಿಮ್ಮ ಎತ್ತರದಲ್ಲಿ ಹೇಗೆ ಅಂತ ತಿಳೀಬೇಕಾದ್ರೆ ಈ ಹೂವಿಗೇ ಒಂದು ಕೆಲಸ ಮಾಡಿ. ಮೊಗ್ಗು ಬೆಳ್ಳಗಾಗಿ ನಾಳೆ ಅರಳುತ್ತೆ ಅನ್ನೋ ಸಂಜೆ ಒಂದು ಅರೇಬಿಕಾ ರೆಕ್ಕೆಗೂ ಒಂದು ರೊಬಸ್ಟಾ ರೆಕ್ಕೆಗೂ ಒತ್ತಾದ ತೆಳು ಬಟ್ಟೆಯ ಚೀಲ ಕಟ್ಟಿ, ಪಕ್ಕದ ರೆಕ್ಕೆಯನ್ನ ಹಾಗೇ ಬಿಟ್ಟು ದಾರ ಕಟ್ಟಿ ಗುರುತು ಮಾಡಿ. ಹೂವು ಎಣಿಸಿ ಬರೆದಿಟ್ಟುಕೊಳ್ಳಿ. ಹೂ ಕಂದಿದ ಮೇಲೆ ಚೀಲ ಬಿಚ್ಚಿ, ಮಳೆಗಾಲ ಹಿಡಿಯೋ ಮುಂಚೆ ಕಾಯಿ ಎಣಿಸಿ. ನಾಲ್ಕೂ ಲೆಕ್ಕದ ಜೊತೆ ತೋಟ ಎಷ್ಟು ಅಡಿ ಎತ್ತರದಲ್ಲಿದೆ, ಹೂವಿನ ದಿನ ಮಂಜು ಎಷ್ಟು ಗಂಟೆಗೆ ಬಿಟ್ಟಿತು ಅನ್ನೋದನ್ನೂ ಇಲ್ಲಿ ಕೆಳಗೆ ಹಾಕಿ.